ಶಿವರಾತ್ರಿಯಿಂದ ಯುಗಾದಿಯೊಳಗೆ ಹಿತ್ತಿಲು ಹದ ಮಾಡೋದು ಹೇಗೆ? ಹೋದ ವರ್ಷ ಬೆಂಡೆಯೆಲ್ಲ ಹಳದಿಯಾಗಿ ಹೋಯಿತು

ಹೊಸ_ಹಿತ್ತಿಲು (ಬೆಂಗಳೂರು) · 9 ಫೆಬ್ರವರಿ 2025

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಮನೆ ಹಿಂದೆ 12 ಅಡಿ ಅಗಲ, 18 ಅಡಿ ಉದ್ದದ ಖಾಲಿ ಜಾಗ ಇದೆ. ಮನೆ ಕಟ್ಟಿ ಆರು ವರ್ಷ ಆಯ್ತು, ಬಟ್ಟೆ ಒಣಗಿಸೋದು ಬಿಟ್ಟರೆ ಅಲ್ಲಿ ಬೇರೇನೂ ನಡೆದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಅರಸೀಕೆರೆ ಕಡೆಯ ಊರಿಂದ ಬಂದು ನಮ್ಮ ಜೊತೆಗಿದ್ದಾರೆ. ಊರಲ್ಲಿ ಬೆಳಗಾದರೆ ಹಿತ್ತಿಲಿಗೆ ಹೋಗಿ ಒಂದು ಹಿಡಿ ಸೊಪ್ಪು ಕಿತ್ತುಕೊಂಡು ಬರುತ್ತಿದ್ದವರು. ಇಲ್ಲಿ ಬಾಗಿಲಲ್ಲಿ ಕೂತು ಆ ಖಾಲಿ ಜಾಗವನ್ನೇ ನೋಡುತ್ತಿರುತ್ತಾರೆ. ಮೊನ್ನೆ ರಥಸಪ್ತಮಿ ದಿನ "ಬಿಸಿಲು ತಿರುಗಿತು, ಇನ್ನು ಪಾತಿ ಮಾಡೋ ಕಾಲ" ಅಂದರು. ಆ ಮಾತು ನನ್ನ ಮನಸ್ಸಲ್ಲೇ ಉಳಿದುಬಿಟ್ಟಿದೆ.

ಹೋದ ವರ್ಷ ಮಾರ್ಚಿನಲ್ಲಿ ಬೆಂಡೆ, ಟೊಮೇಟೊ ಹಾಕಿದ್ದೆ. ಗೇಣುದ್ದ ಬಂದು ಎಲೆಯೆಲ್ಲ ಹಳದಿಯಾಗಿ ನಿಂತುಹೋದವು. ಈ ಸಲ ಹಾಗಾಗಬಾರದು. ಶಿವರಾತ್ರಿ 26ಕ್ಕೆ, ಯುಗಾದಿ ಮಾರ್ಚ್ 30ಕ್ಕೆ. ಎಲ್ಲಿಂದ ಶುರು ಮಾಡಲಿ?

ಕೆಮ್ಮಣ್ಣು (ತುಮಕೂರು) · 9 ಫೆಬ್ರವರಿ

ತಂಗೀ, ಮೊದಲು ಏನನ್ನೂ ಕೊಳ್ಳಬೇಡ. ಬೀಜವೂ ಬೇಡ, ಗೊಬ್ಬರವೂ ಬೇಡ. ಮೂರು ವಿಷಯ ನೋಡಿ ಹೇಳು.

ಬಿಸಿಲು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನೆಲಕ್ಕೆ ಬೀಳುತ್ತೆ? ಒಂದಡಿ ಅಗೆದರೆ ಕೆಳಗೆ ಏನು ಸಿಗುತ್ತೆ? ಹೋದ ವರ್ಷ ಎಲೆ ಹಳದಿಯಾಯ್ತಲ್ಲ, ಅದರಲ್ಲಿ ನರ ಹಳದಿಯಾಗಿತ್ತಾ, ಇಲ್ಲ ನರ ಹಸಿರಾಗೇ ಇದ್ದು ನಡುವಿನ ಭಾಗ ಹಳದಿಯಾಗಿತ್ತಾ? ಈ ಕೊನೆಯದು ಬಹಳ ಮುಖ್ಯ. ಫೋನಿನಲ್ಲಿ ಹಳೇ ಫೋಟೊ ಇದ್ದರೆ ಹುಡುಕು.

ಹೊಸ_ಹಿತ್ತಿಲು · 10 ಫೆಬ್ರವರಿ

ಫೋಟೊ ಸಿಕ್ಕಿತು ಅಣ್ಣ. ನರಗಳು ಹಸಿರಾಗೇ ಇವೆ, ನಡುವೆ ಹಳದಿ. ಅದೂ ತುದಿಯ ಎಳೆ ಎಲೆಗಳಲ್ಲೇ ಜಾಸ್ತಿ, ಕೆಳಗಿನ ಹಳೇ ಎಲೆ ಪರವಾಗಿಲ್ಲ.

ಬಿಸಿಲು ಬೆಳಿಗ್ಗೆ 9ರಿಂದ ಮಧ್ಯಾಹ್ನ ಎರಡೂವರೆವರೆಗೆ. ಆಮೇಲೆ ಪಕ್ಕದ ಮನೆ ಹೊಂಗೆ ಮರದ ನೆರಳು. ಅಗೆಯೋಕೆ ಹೋದರೆ ಗುದ್ದಲಿ ಇಳಿಯಲೇ ಇಲ್ಲ. ನನ್ನ ಗಂಡ ಹಾರೆಯಲ್ಲಿ ಎಬ್ಬಿಸಿದರು. ಅರ್ಧ ಅಡಿ ಕೆಳಗೆ ಇಟ್ಟಿಗೆ ಚೂರು, ಗಟ್ಟಿ ಸಿಮೆಂಟ್ ಉಂಡೆ, ಟೈಲ್ಸ್ ತುಂಡು.

ಕೆಮ್ಮಣ್ಣು (ತುಮಕೂರು) · 10 ಫೆಬ್ರವರಿ

ಹಾಗಾದರೆ ಅದು ರೋಗವಲ್ಲ, ನೆಲದ ದೋಷ. ಬೆಂಡೆಗೆ ಬರುವ ಹಳದಿ ನಂಜುರೋಗದಲ್ಲಿ ನರಗಳೇ ಮೊದಲು ಹಳದಿಯಾಗಿ ಬಲೆ ಹೆಣೆದ ಹಾಗೆ ಕಾಣುತ್ತೆ. ಅದನ್ನು ಬಿಳಿನೊಣ ಹರಡೋದು. ನಿನ್ನ ಗಿಡದಲ್ಲಿ ಉಲ್ಟಾ ಆಗಿದೆ. ಅದು ಕಬ್ಬಿಣದ ಕೊರತೆ.

ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದಿಂದ ಬಂದದ್ದು, ಅಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಸಿಮೆಂಟು, ಸುಣ್ಣ ಮಣ್ಣಿನಲ್ಲಿ ಸೇರಿದರೆ ಮಣ್ಣು ಕ್ಷಾರ ಆಗುತ್ತೆ. ಆಗ ಕಬ್ಬಿಣ ಇದ್ದೂ ಬೇರಿಗೆ ಸಿಗಲ್ಲ. ತೊಟ್ಟಿಯಲ್ಲಿ ನೀರಿದ್ದು ನಲ್ಲಿ ಕಟ್ಟಿಕೊಂಡ ಹಾಗೆ. ಎಷ್ಟು ಗೊಬ್ಬರ ಸುರಿದರೂ ಎಲೆ ಹಸಿರಾಗಲ್ಲ.

ಮನೆಯಲ್ಲೇ ನೋಡಬಹುದು. ಒಂದು ಚಮಚ ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡು. ಬುಸ್ಸಂತ ನೊರೆ ಬಂದರೆ ಸುಣ್ಣ ಇದೆ ಅಂತ. ನಾಲ್ಕು ಕಡೆಯ ಮಣ್ಣಿನಲ್ಲಿ ಬೇರೆ ಬೇರೆಯಾಗಿ ನೋಡು, ಗಾರೆ ಕಲೆಸಿದ ಜಾಗ ಯಾವುದು ಅಂತ ಗೊತ್ತಾಗುತ್ತೆ.

ಹೊಸ_ಹಿತ್ತಿಲು · 11 ಫೆಬ್ರವರಿ

ಮನೆಗೆ ಅಂಟಿದ ಎರಡು ಕಡೆ ಜೋರಾಗಿ ನೊರೆ ಬಂತು. ಹಿಂದಿನ ಕಾಂಪೌಂಡ್ ಗೋಡೆ ಹತ್ತಿರ ಏನೂ ಇಲ್ಲ. ಒಂದು ವರ್ಷದಿಂದ ನನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡಿದ್ದೆ. ತುಂಬಾ ಧನ್ಯವಾದ ಅಣ್ಣ.

ತಾರಸಿ_ತೋಟ (ಮೈಸೂರು) · 11 ಫೆಬ್ರವರಿ

ಮೇಡಂ, ಇಷ್ಟು ಕಷ್ಟ ಯಾಕೆ? ಗ್ರೋಬ್ಯಾಗ್ ಇಡಿ. ಕೆಂಪು ಮಣ್ಣು, ಎರೆಹುಳು ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಆಯ್ತು. ನಾನು ಹೀಗೇ ಹನ್ನೊಂದು ವರ್ಷದಿಂದ ತಾರಸಿಯಲ್ಲಿ ಬೆಳೆಯುತ್ತಿದ್ದೇನೆ. ನೆಲ ಅಗೆದು ಕಟ್ಟಡದ ಕಸ ತೆಗೆಯುವುದು ವಾರಗಟ್ಟಲೆ ಕೆಲಸ.

ಎರಿಹೊಲ (ಧಾರವಾಡ) · 12 ಫೆಬ್ರವರಿ

ಚೀಲ ತಾರಸಿಗೆ ಚೊಲೊ ರೀ, ಆದ್ರ ನೆಲ ಇದ್ದಾಗ ನೆಲಾ ಬಿಡಬ್ಯಾಡ್ರಿ. ಏಪ್ರಿಲ್ ಬಿಸಲಿಗೆ ಚೀಲದ ಮಣ್ಣು ಎರಡೂ ಹೊತ್ತು ನೀರು ಬೇಡತೈತಿ, ನೆಲದಾಗ ಬೇರು ಕೆಳಗಿಳದು ತನಗ ಬೇಕಾದ ತಂಪು ತಾನ ಹುಡುಕೊಂತೈತಿ.

ನಮ್ಮದು ಎರಿ ಮಣ್ಣು. ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡತೈತಿ. ಮಳಿಗಾಲದಾಗ ಕಾಲಿಟ್ರ ಮೊಣಕಾಲ ತನಕ. ಅಂಥಾ ನೆಲದಾಗೂ ನಮ್ಮ ಅವ್ವ ಮನಿ ಹಿಂದ ಬದನಿ, ಚವಳಿಕಾಯಿ (ನಿಮ್ಮ ಕಡೆ ಗೋರಿಕಾಯಿ) ಬೆಳಿತಿದ್ಲು. ಆಕಿ ಮಾಡಿದ್ದು ಒಂದ ಕೆಲಸ. ವರ್ಷಾ ಈ ದಿನದಾಗ ತಿಪ್ಪಿಗೊಬ್ಬರ ಹಾಕಿ, ಮ್ಯಾಲೆ ಕಬ್ಬಿನ ರವದಿ, ಅಂದ್ರ ಒಣಗಿದ ಎಲಿ, ಹೊಚ್ಚಿ ಬಿಡೂದು. ಹತ್ತು ವರ್ಷಕ್ಕ ಆ ಜಾಗಾದ ಮಣ್ಣು ಹಿಡದ್ರ ಹಿಟ್ಟಿನಂಗ ಉದುರತಿತ್ತು. ಅಕ್ಕಾರ, ನಿಮ್ಮ ಅತ್ತಿಯವರಿಗೆ ನೆಲಾನ ಬೇಕಾಗಿರತೈತಿ, ಚೀಲ ಅಲ್ಲ.

ಹೊಸ_ಹಿತ್ತಿಲು · 12 ಫೆಬ್ರವರಿ

ನಿಮ್ಮ ಕೊನೆಯ ಮಾತನ್ನು ಅತ್ತೆಗೆ ಓದಿ ಹೇಳಿದೆ. "ಹೌದು ಕಣಮ್ಮ" ಅಂದರು. ನೆಲವೇ ಮಾಡುತ್ತೇವೆ.

ಹನಿನೀರು (ಬೆಂಗಳೂರು) · 19 ಫೆಬ್ರವರಿ

ಮಣ್ಣಿನ ಮಾತು ನಡೆಯಲಿ. ನೀರಿನ ಮಾತು ಯಾರೂ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ 17ಕ್ಕೆ ಜಲಮಂಡಳಿಯ ಆದೇಶ ಬಂದಿದೆ. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ. ಹೋದ ವರ್ಷ ಮಾರ್ಚಿನಲ್ಲೂ ಇದೇ ಆದೇಶ ಇತ್ತು. ಆದೇಶ ಇಲ್ಲದಿದ್ದರೂ, ಪಕ್ಕದ ಬೀದಿಯವರು ಟ್ಯಾಂಕರಿಗೆ ಕಾಯುತ್ತಿರುವಾಗ ಕಾವೇರಿ ನೀರನ್ನು ಬೆಂಡೆಗೆ ಬಿಡಲು ಮನಸ್ಸು ಒಪ್ಪಬಾರದು.

ಹಾಗಂತ ತೋಟ ಬಿಡಬೇಕಿಲ್ಲ. ಲೆಕ್ಕವನ್ನು ತಿರುಗಿಸಿ ಹಾಕಿ. ಜಾಗ ಎಷ್ಟಿದೆ ಅಂತ ನೋಡಿ ಪಾತಿ ಮಾಡಬೇಡಿ, ಮನೆಯಲ್ಲಿ ಮಿಗುವ ನೀರು ಎಷ್ಟು ಅಂತ ಅಳೆದು ಪಾತಿ ಮಾಡಿ. ಮಾರ್ಚ್‌-ಏಪ್ರಿಲಿನಲ್ಲಿ ನಮ್ಮ ಊರಲ್ಲಿ ಬೆಳೆದು ನಿಂತ ಪಾತಿಯಿಂದ ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರ್ ನೀರು ಆವಿಯಾಗುತ್ತೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಸರಿಯಾಗಿ ಒಂದು ಲೀಟರ್. ಅಂದರೆ ಚದರ ಮೀಟರಿಗೆ ದಿನಕ್ಕೆ 5-6 ಲೀಟರ್.

ಅಕ್ಕಿ, ಬೇಳೆ, ಸೊಪ್ಪು, ತರಕಾರಿ ತೊಳೆದ ನೀರನ್ನೆಲ್ಲ ಮೂರು ದಿನ ಬಕೆಟ್ಟಿಗೆ ಹಿಡಿಯಿರಿ. ಬಟ್ಟೆ ಯಂತ್ರದ ಕೊನೆಯ ಜಾಲಿಸಿದ ನೀರನ್ನು ಬಾಳೆ, ನುಗ್ಗೆಯಂಥ ದೊಡ್ಡ ಗಿಡಗಳ ಬುಡಕ್ಕೆ ಬಿಡಬಹುದು, ಸೊಪ್ಪಿಗೆ ಬೇಡ. ಮೊದಲ ಸೋಪಿನ ನೀರು ಯಾವುದಕ್ಕೂ ಬೇಡ. ನೀರಿನ ಫಿಲ್ಟರ್‌ನಿಂದ ಹೊರಬೀಳುವ ನೀರಲ್ಲಿ ಉಪ್ಪಿನಂಶ ಒತ್ತಾಗಿರುತ್ತೆ, ಅದು ನೆಲ ಒರೆಸಲು ಸರಿ.

ಹೊಸ_ಹಿತ್ತಿಲು · 22 ಫೆಬ್ರವರಿ

ಮೂರು ದಿನ ಹಿಡಿದೆವು. ನಾವು ಐದು ಜನ. ಅಡುಗೆಮನೆ ನೀರೇ ದಿನಕ್ಕೆ 40ರಿಂದ 46 ಲೀಟರ್ ಬಂತು! ಇಷ್ಟು ದಿನ ಅದೆಲ್ಲ ಮೋರಿಗೆ ಹೋಗುತ್ತಿತ್ತು ಅಂದರೆ ಸಂಕಟವಾಗುತ್ತೆ.

ನಿಮ್ಮ ಲೆಕ್ಕದಂತೆ ಏಳೂವರೆ ಚದರ ಮೀಟರ್. ಅಂದರೆ 4 ಅಡಿ ಅಗಲ 10 ಅಡಿ ಉದ್ದದ ಎರಡು ಮಡಿ. 216 ಚದರಡಿಯಲ್ಲಿ 80 ಮಾತ್ರ. ನನಗೆ ಸ್ವಲ್ಪ ಬೇಸರವಾಯ್ತು. ಅತ್ತೆಗಂತೂ ಸಮಾಧಾನ. "ಎರಡು ಮಡಿ ನೆಟ್ಟಗೆ ನೋಡ್ಕೊಂಡರೆ ಮನೆಗೆ ಸಾಕು" ಅಂದರು. ಎರಡೂ ಮಡಿ ನೊರೆ ಬಾರದ ಕಡೆಯೇ, ಕಾಂಪೌಂಡ್ ಗೋಡೆಯ ಉದ್ದಕ್ಕೆ.

ಕೆಮ್ಮಣ್ಣು (ತುಮಕೂರು) · 22 ಫೆಬ್ರವರಿ

4 ಅಡಿ ಸರಿಯಾದ ಅಗಲ, ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟುತ್ತೆ. ಒಮ್ಮೆ ಮಡಿ ಮಾಡಿದ ಮೇಲೆ ಅದರೊಳಗೆ ಯಾರೂ ಕಾಲಿಡಬಾರದು. ಮಕ್ಕಳಿಗೂ ಹೇಳಿಬಿಡು. ತುಳಿದ ಮಣ್ಣಿನಲ್ಲಿ ಗಾಳಿಯಾಡಲ್ಲ.

ಅಗೆಯುವ ಹಿಂದಿನ ಸಂಜೆ ನೆಲಕ್ಕೆ ನೀರು ಚಿಮುಕಿಸು. ಬೆಳಿಗ್ಗೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡು. ಬಿದ್ದು ಪುಡಿಯಾದರೆ ಹದ. ಹಾಗೇ ಮುದ್ದೆಯಾಗಿ ಕೂತರೆ ಇನ್ನೂ ಒಂದು ದಿನ ತಡಿ. ಉಂಡೆಯೇ ಆಗದಿದ್ದರೆ ನೀರು ಸಾಲದು. ಹದ ತಪ್ಪಿ ಅಗೆದರೆ ಹೆಂಟೆ ಹೆಂಟೆಯಾಗಿ ಒಣಗಿ ಮತ್ತೆ ಒಡೆಯೋಕೆ ಆಗಲ್ಲ.

ಒಂದಡಿ ಆಳಕ್ಕೆ ತೆಗೆದು ಇಟ್ಟಿಗೆ, ಸಿಮೆಂಟು ಆರಿಸಿ, ಮರಳು ಜರಡಿಯಲ್ಲಿ ಸೋಸಿ ವಾಪಸ್ ಹಾಕು. ಕಡಿಮೆ ಬಿದ್ದ ಮಣ್ಣನ್ನು ಹೊರಗಿಂದ ತರಿಸು. ತರಿಸುವಾಗ ಎಲ್ಲಿಯದು ಅಂತ ಕೇಳು. ಊರ ಕಡೆ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯೋದು ಒಳ್ಳೇ ಪದ್ಧತಿ, ನಾವೂ ಹೊಡೆಯುತ್ತೇವೆ. ಆದರೆ ಚರಂಡಿ ನೀರು, ಕಾರ್ಖಾನೆ ನೀರು ಸೇರುವ ಪಟ್ಟಣದ ಕೆರೆಯ ಹೂಳು ತಿನ್ನೋ ಬೆಳೆಗೆ ಬೇಡವೇ ಬೇಡ.

ದರಕು (ಶಿರಸಿ) · 23 ಫೆಬ್ರವರಿ

ಒಂದು ಮಾತು. ಈ ಸಲ ಕಟ್ಟಡದ ಕಸ ಇದೆ ಎಂದು ಅಗೆಯಿರಿ, ತಪ್ಪಿಲ್ಲ. ಆದರೆ ಇದೇ ಕೊನೆಯ ಅಗೆತವಾಗಲಿ. ವರ್ಷವೂ ಮಣ್ಣು ಮಗುಚಿದರೆ ಎರೆಹುಳು ಕಟ್ಟಿದ ಮನೆ ಪ್ರತಿವರ್ಷ ಕೆಡವಿದ ಹಾಗೆ.

ನಮ್ಮಲ್ಲಿ ಈ ತಿಂಗಳು ಬೆಟ್ಟದಿಂದ ದರಕು ಗುಡಿಸಿ ತರುವ ಕಾಲ. ಒಣ ಎಲೆಗೆ ನಾವು ದರಕು ಎನ್ನುತ್ತೇವೆ. ಅಡಿಕೆ ಬುಡಕ್ಕೂ ಅದೇ, ಕೊಟ್ಟಿಗೆಯಲ್ಲಿ ದನದ ಕಾಲಡಿಗೂ ಅದೇ, ಅದೇ ಮತ್ತೆ ಗೊಬ್ಬರ. ನಿಮ್ಮ ಪಕ್ಕದ ಮನೆಯ ಹೊಂಗೆ ಮರ ಈಗ ಎಲೆ ಉದುರಿಸುತ್ತಿರಬೇಕಲ್ಲ? ಹೊಂಗೆ ಬೇಳೆಕಾಳಿನ ಜಾತಿಯ ಮರ, ಎಲೆಯಲ್ಲಿ ಸಾರಜನಕ ಚೆನ್ನಾಗಿದೆ. ಯಾರೂ ಅದಕ್ಕೆ ಬೆಂಕಿ ಹಾಕದ ಹಾಗೆ ನೋಡಿಕೊಂಡು ಚೀಲದಲ್ಲಿ ತುಂಬಿಡಿ. ಬಿತ್ತಿದ್ದು ಮೊಳೆತು ಗೇಣುದ್ದ ಆದ ಮೇಲೆ ಸಾಲಿನ ನಡುವೆ ಮೂರು ಬೆರಳು ದಪ್ಪ ಹೊದಿಸಿ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಬರುತ್ತದೆ. ಹೊದಿಕೆ ಇದ್ದರೆ ಹನಿನೀರು ಅವರು ಹೇಳಿದ ಲೆಕ್ಕದಲ್ಲೂ ನೀರು ಉಳಿಯುತ್ತದೆ.

ಹೊಸ_ಹಿತ್ತಿಲು · 25 ಫೆಬ್ರವರಿ

ಎರಡು ಭಾನುವಾರ ಬೇಕಾಗಬಹುದು ಅಂದುಕೊಂಡಿದ್ದೆವು, ಮೂರು ದಿನಕ್ಕೆ ಮುಗಿಯಿತು. 31 ಬಾಂಡ್ಲಿ ಕಸ ಹೊರಬಿತ್ತು! ಜರಡಿ ಹಿಡಿದದ್ದು ಪೂರ್ತಿ ಅತ್ತೆಯೇ. ಬೇಡ ಅಂದರೂ ಕೇಳಲಿಲ್ಲ. ಪಕ್ಕದ ಮನೆಯವರು ಹೊಂಗೆ ಎಲೆ ಗುಡಿಸಿ ನಮಗೇ ಕೊಡುತ್ತಿದ್ದಾರೆ, ಆರು ಚೀಲ ಆಗಿದೆ.

ಗೊಬ್ಬರ ಯಾವುದು ಹಾಕಲಿ? ಹತ್ತಿರದಲ್ಲೇ ಹಸು ಕಟ್ಟಿದವರಿದ್ದಾರೆ, ಸಗಣಿ ಕೊಡುತ್ತೇವೆ ಅಂದಿದ್ದಾರೆ.

ಬಸಳೆ_ಚಪ್ಪರ (ಪುತ್ತೂರು) · 25 ಫೆಬ್ರವರಿ

ಹಸಿ ಸಗಣಿ ನೇರವಾಗಿ ಹಾಕ್ಬೇಡಿ ಮಾರಾಯ್ರೇ! ನಾನು ಅದನ್ನು ಮಾಡಿ ಒಂದು ಸಾಲು ಮೆಣಸಿನ ಗಿಡ ಕಳಕೊಂಡಿದ್ದೇನೆ. ಗಿಡ ಬಾಡಿತು ಅಂತ ಕಿತ್ತು ನೋಡಿದರೆ ಬುಡದಲ್ಲಿ ಬೆರಳು ಗಾತ್ರದ ಬಿಳಿ ಗೊಣ್ಣೆಹುಳ, ಬೇರು ಪೂರಾ ತಿಂದು ಮುಗಿಸಿತ್ತು. ಕಳಿತ ಗೊಬ್ಬರಕ್ಕೆ ಸಗಣಿ ವಾಸನೆ ಇರುವುದಿಲ್ಲ, ಕಪ್ಪಾಗಿ ಪುಡಿಪುಡಿ ಇರ್ತದೆ, ಕೈ ಹಾಕಿದರೆ ಬಿಸಿ ಇರುವುದಿಲ್ಲ.

ಆ ಹಸಿ ಸಗಣಿ ಬಿಡಬೇಡಿ, ಜೀವಾಮೃತ ಮಾಡಿ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಎಕರೆಗೆ ಹೇಳುವ ಲೆಕ್ಕ 200 ಲೀಟರ್ ನೀರಿನದ್ದು. ಮನೆಗೆ ಅದರ ಹತ್ತನೇ ಒಂದು ಸಾಕು. 20 ಲೀಟರ್ ನೀರು, 1 ಕೆಜಿ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡ್ಲೆಹಿಟ್ಟು, ಒಂದು ಮುಷ್ಟಿ ಮರದ ಬುಡದ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ದಿನಕ್ಕೆ ಎರಡು ಸಲ ಕೋಲಿನಲ್ಲಿ ತಿರುಗಿಸಿ. ವಾರದೊಳಗೆ ಮುಗಿಸಬೇಕು.

ಕೆಮ್ಮಣ್ಣು (ತುಮಕೂರು) · 25 ಫೆಬ್ರವರಿ

ಜೀವಾಮೃತಕ್ಕೆ ನನ್ನ ತಕರಾರಿಲ್ಲ, ಆದರೆ ಅದು ಗೊಬ್ಬರಕ್ಕೆ ಬದಲಿ ಅಂತ ನಾನು ಒಪ್ಪಲ್ಲ. ನಿನ್ನ ಮಡಿಯಲ್ಲಿ ಆರು ವರ್ಷದಿಂದ ಒಂದು ಎಲೆ ಕೊಳೆತಿಲ್ಲ. ಹುಳಹುಪ್ಪಟೆಗೆ ತಿನ್ನೋಕೆ ಏನಾದರೂ ಬೇಕಲ್ಲ? ಮೊದಲ ವರ್ಷ ಚದರ ಮೀಟರಿಗೆ 5 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, ಅಂದರೆ ಎರಡೂ ಮಡಿಗೆ ಸೇರಿ ಸುಮಾರು 40 ಕೆಜಿ. ಬೇವಿನ ಹಿಂಡಿ ಮುಕ್ಕಾಲು ಕೆಜಿ ಸಾಕು. ಒಲೆ ಬೂದಿ ಹಾಕು ಅಂತ ಯಾರಾದರೂ ಹೇಳಿಯಾರು, ನಿನ್ನ ನೆಲಕ್ಕೆ ಬೇಡ, ಅದೂ ಕ್ಷಾರವೇ.

ಬೆರೆಸಿ, ನೀರು ಚಿಮುಕಿಸಿ, ಮೇಲೆ ಎಲೆ ಮುಚ್ಚಿ ಹತ್ತು-ಹನ್ನೆರಡು ದಿನ ಬಿಟ್ಟುಬಿಡು. ಆ ದಿನಗಳಲ್ಲಿ ಕಳೆ ಮೊಳೆಯುತ್ತೆ, ಬಿತ್ತುವ ಮುಂಚೆ ಮೇಲಿಂದ ಕೆರೆದು ತೆಗೆದರೆ ಅರ್ಧ ಕಾಟ ಮುಗಿಯಿತು. ಈ ಹತ್ತು ದಿನ ಕಾಯೋದೇ ಎಲ್ಲರಿಗೂ ಕಷ್ಟ.

ತಾರಸಿ_ತೋಟ (ಮೈಸೂರು) · 1 ಮಾರ್ಚ್

ಕಾಯುವ ಹೊತ್ತಲ್ಲಿ ಬೀಜ ಹೊಂದಿಸಿಕೊಳ್ಳಿ. ಬಿಸಿಲಿಗೆ ಆಗಿಬರುವುದನ್ನೇ ಆರಿಸಿ. ಹರಿವೆ, ದಂಟು, ಬೆಂಡೆ, ಅಲಸಂದೆ, ಹೀರೆ, ಹಾಗಲ, ಸೌತೆ. ಕೋಸು, ಕ್ಯಾರೆಟ್, ಬಟಾಣಿ ಈಗ ಬೇಡ, ಅವು ಚಳಿಗಾಲದವು. ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಟ್ಟುಬಿಡುತ್ತೆ, ಹೀರೆ ಚಪ್ಪರದ ನೆರಳಲ್ಲಿ ಸ್ವಲ್ಪ ಹಾಕಬಹುದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ನಿಮಗೆ ಹತ್ತಿರ, ಆನ್‌ಲೈನಲ್ಲೂ ಸಿಗುತ್ತೆ. ಹರಿವೆಯಲ್ಲಿ ಅರ್ಕಾ ಸುಗುಣ ತಗೊಳ್ಳಿ, ಕತ್ತರಿಸಿದಷ್ಟೂ ಮತ್ತೆ ಚಿಗುರುತ್ತೆ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ. ಹಳದಿ ನಂಜು ತಡೆಯಲೆಂದೇ ಕಾಡು ಬೆಂಡೆಯ ಜೊತೆ ಕೂಡಿಸಿ ಬೆಳೆಸಿದ ತಳಿ ಅದು. ಇವೆರಡೂ ಹೈಬ್ರಿಡ್ ಅಲ್ಲ, ಬೀಜ ಎತ್ತಿಟ್ಟುಕೊಳ್ಳಬಹುದು.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಅಂಗುಲ ಆಳಕ್ಕೆ, ಅಡಿಗೊಂದರಂತೆ ಊರಿ. ಹಾಗಲದ ಬೀಜದ ಸಿಪ್ಪೆ ಗಟ್ಟಿ, ಚೂಪು ಬದಿಯಲ್ಲಿ ಸ್ವಲ್ಪ ಉಜ್ಜಿ ನೆನೆಸಿದರೆ ಬೇಗ ಮೊಳೆಯುತ್ತೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ನಾಲ್ಕು ಪಾಲು ಮರಳಿನಲ್ಲಿ ಬೆರೆಸಿ ಎರಚಿ.

ಹಿಮದೂರು (ನ್ಯೂಜೆರ್ಸಿ) · 8 ಮಾರ್ಚ್

ನಿಮ್ಮೆಲ್ಲರ ಮಾತು ಓದುತ್ತಾ ಕೂತಿದ್ದೇನೆ. ಇಲ್ಲಿ ಹಿತ್ತಲಿನ ನೆಲ ಇನ್ನೂ ಕಲ್ಲಿನ ಹಾಗಿದೆ. ನಮ್ಮ ಭಾಗದಲ್ಲಿ ಕೊನೆಯ ಸಲ ಇಬ್ಬನಿ ಹೆಪ್ಪುಗಟ್ಟುವುದು ಏಪ್ರಿಲ್ ಕೊನೆ, ಕೆಲವು ವರ್ಷ ಮೇ ಮೊದಲ ವಾರ. ಹಾಗಾಗಿ ಮೆಣಸಿನಕಾಯಿ, ಬದನೆ ಸಸಿಗಳು ಈಗ ನೆಲಮಾಳಿಗೆಯಲ್ಲಿ ದೀಪದ ಬೆಳಕಲ್ಲಿವೆ. ಬೆಂಡೆ, ಹೀರೆ ಏನಿದ್ದರೂ ಮೇ ಅರ್ಧ ಕಳೆದು ಮಣ್ಣು ಬೆಚ್ಚಗಾದ ಮೇಲೆ.

ಒಂದು ಪ್ರಶ್ನೆ. ಅವರೆ ಬಳ್ಳಿ ಮೂರು ವರ್ಷದಿಂದ ಹಾಕುತ್ತಿದ್ದೇನೆ. ಬೇಲಿ ತುಂಬ ಹಬ್ಬುತ್ತೆ, ಹೂವು ಬರುವಷ್ಟರಲ್ಲಿ ಅಕ್ಟೋಬರ್ ಚಳಿಗೆ ಸುಟ್ಟುಹೋಗುತ್ತೆ. ಸೊಗಡಿನ ಅವರೆಕಾಳು ಹುಳಿ ಮಾಡಬೇಕು ಅನ್ನೋ ಆಸೆ ಪ್ರತಿವರ್ಷ ಹಾಗೇ ಉಳಿಯುತ್ತಿದೆ.

ಕೆಮ್ಮಣ್ಣು (ತುಮಕೂರು) · 8 ಮಾರ್ಚ್

ನಮ್ಮ ಸೊಗಡವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಜಾತಿ. ಅದಕ್ಕೇ ಇಲ್ಲೂ ಅದು ಸಂಕ್ರಾಂತಿ ಆಸುಪಾಸಿನ ಬೆಳೆ. ನಿಮ್ಮ ಕಡೆ ಬೇಸಿಗೆಯ ಹಗಲು ಇನ್ನೂ ಉದ್ದ, ಸೆಪ್ಟೆಂಬರ್ ತನಕ ಬಳ್ಳಿ ಬೆಳೆಯುತ್ತಲೇ ಇರುತ್ತೆ. ಹಗಲಿನ ಉದ್ದ ಲೆಕ್ಕಿಸದ ಗಿಡ್ಡ ತಳಿಗಳಿವೆ. ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4. ಆದರೆ ಬೀಜವನ್ನು ಸೂಟ್‌ಕೇಸಲ್ಲಿ ಹಾಗೇ ಒಯ್ಯಬೇಡಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲೇ ಬೀಜ ಮಾರುವವರಲ್ಲಿ ಇಂಥ ಗಿಡ್ಡ ತಳಿ ಇದೆಯಾ ವಿಚಾರಿಸಿ.

ಹೊಸ_ಹಿತ್ತಿಲು · 12 ಮಾರ್ಚ್

ಬಿತ್ತಿದೆವು! ಒಂದು ಮಡಿಯಲ್ಲಿ ಅರ್ಧ ಹರಿವೆ, ಅರ್ಧ ಅಲಸಂದೆ. ಇನ್ನೊಂದರಲ್ಲಿ ಬೆಂಡೆ, ಗೋಡೆ ಬದಿಗೆ ನಾಲ್ಕು ಹೀರೆ, ಎರಡು ಹಾಗಲ. ಎಲೆ ಸರಿಸಿದಾಗ ಕೆಳಗೆ ಮಣ್ಣು ತಣ್ಣಗೆ, ಕಪ್ಪಗೆ ಇತ್ತು. ಒಂದು ಎರೆಹುಳು ಕಾಣಿಸಿತು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿ ಮತ್ತೆ ಮಣ್ಣಿಗೆ ಬಿಟ್ಟರು.

ದರಕು (ಶಿರಸಿ) · 12 ಮಾರ್ಚ್

ಹರಿವೆ ಮೇಲೆ ತೆಂಗಿನ ಗರಿ ಒಂದೆರಡು ಮಲಗಿಸಿ. ಮೊಳಕೆ ಕಂಡ ದಿನವೇ ಸಂಜೆ ತೆಗೆಯಿರಿ, ತಡವಾದರೆ ಸಸಿ ಸಣಕಲಾಗುತ್ತದೆ. ಇರುವೆ ಬೀಜ ಹೊರುತ್ತದೆ, ಮಡಿಯ ಸುತ್ತ ಅರಿಶಿನದ ಗೆರೆ ಎಳೆಯಿರಿ.

ಹೊಸ_ಹಿತ್ತಿಲು · 23 ಮಾರ್ಚ್

ನಿನ್ನೆ ಸಂಜೆಯ ಮಳೆಗೆ ಹರಿವೆ ಸಸಿಗಳು ಅರ್ಧ ಮಲಗಿವೆ. ಕಿತ್ತು ಮತ್ತೆ ಬಿತ್ತಬೇಕಾ? ಅತ್ತೆ ಬೇಡ ಅನ್ನುತ್ತಿದ್ದಾರೆ. ನನಗೆ ಭಯ.

ಬಸಳೆ_ಚಪ್ಪರ (ಪುತ್ತೂರು) · 23 ಮಾರ್ಚ್

ಅತ್ತೆ ಹೇಳಿದ್ದೇ ಸರಿ. ಎರಡು ದಿನ ಬಿಡಿ, ಎದ್ದು ನಿಲ್ತವೆ. ಮೇಲೆ ಕಟ್ಟಿದ ಮಣ್ಣಿನ ಹೆಪ್ಪನ್ನು ಮಾತ್ರ ಕಡ್ಡಿಯಲ್ಲಿ ಮೆಲ್ಲ ಬಿಡಿಸಿ. ಎದ್ದ ಮೇಲೆ ಒತ್ತಾಗಿರುವಲ್ಲಿ ಕಿತ್ತು ತೆಳು ಮಾಡಿ, ಆ ಎಳೆ ಸಸಿ ತಂಬುಳಿಗೆ ಬಹಳ ಒಳ್ಳೆಯದು.

ಹನಿನೀರು (ಬೆಂಗಳೂರು) · 24 ಮಾರ್ಚ್

ಮಳೆ ಬಂದ ಮೇಲೆ ಎರಡು ದಿನ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ, ತೇವ ಇದ್ದರೆ ಬಕೆಟ್ ಮುಟ್ಟಬೇಡಿ. ಗಿಡದ ಬೇರು ಕೆಳಗೆ ಹೋಗುವುದು ಮೇಲೆ ಸ್ವಲ್ಪ ಒಣಗಿದಾಗಲೇ.

ಹೊಸ_ಹಿತ್ತಿಲು · 13 ಏಪ್ರಿಲ್

ಸಸಿಗಳು ಎದ್ದವು, ಎಲ್ಲವೂ. 9ನೇ ತಾರೀಕು ಮೊದಲ ಹರಿವೆ ಕುಯ್ದೆವು, ಬಿತ್ತಿದ 28ನೇ ದಿನಕ್ಕೆ. ಬೇರು ಸಮೇತ ಕೀಳಲಿಲ್ಲ. ಅತ್ತೆ ನಾಲ್ಕು ಬೆರಳು ಬುಡ ಬಿಟ್ಟು ಕುಡುಗೋಲಲ್ಲಿ ಕುಯ್ದರು. ಅವತ್ತೇ ಬಸ್ಸಾರು, ಮುದ್ದೆ. ಪಕ್ಕದ ಮನೆಗೂ ಒಂದು ಕಟ್ಟು ಕೊಟ್ಟೆವು, ಹೊಂಗೆ ಎಲೆ ಅವರದ್ದಲ್ಲವೇ.

ಬೆಂಡೆ ಮೊಣಕಾಲೆತ್ತರ ಇದೆ. ತುದಿ ಎಲೆ ಹಚ್ಚ ಹಸಿರು, ಎಲ್ಲೂ ಹಳದಿ ಇಲ್ಲ. ದಿನಕ್ಕೆ 40 ಲೀಟರೂ ಬೇಕಾಗಲಿಲ್ಲ. ಎಲೆ ಹೊದಿಸಿದ ಮೇಲೆ 30ರಲ್ಲಿ ಮುಗಿಯುತ್ತಿದೆ. ಉಳಿದದ್ದು ಗೋಡೆ ಮೂಲೆಯಲ್ಲಿ ನೆಟ್ಟ ನುಗ್ಗೆ ಕೊಂಬೆಗೆ.

ನಾಳೆ ಅಶ್ವಿನಿ ಮಳೆ ನಕ್ಷತ್ರ ಹುಟ್ಟುತ್ತೆ ಅಂತ ಅತ್ತೆ ಹೇಳಿದರು. "ಅಶ್ವಿನಿ ಸಸ್ಯನಾಶಿನಿ, ಹೀರೆಗೆ ಚಪ್ಪರ ಬಿಗಿಯಾಗಿ ಕಟ್ಟು" ಅಂದರು. ಭರಣಿ ಬರುವಷ್ಟರಲ್ಲಿ ನೊರೆ ಬಂದ ಜಾಗದಲ್ಲೂ ಕಸ ತೆಗೆದು, ಮಳೆನೀರಿಗೆ ಮೂರನೇ ಮಡಿ ಮಾಡಬೇಕಂತೆ. ಈಗಲೇ ಜರಡಿ ಒರೆಸಿ ಇಟ್ಟಿದ್ದಾರೆ.

ಎರಿಹೊಲ (ಧಾರವಾಡ) · 13 ಏಪ್ರಿಲ್

ಅವರಿಗೆ ನಮಸ್ಕಾರ ಹೇಳ್ರಿ ಅಕ್ಕಾರ. ಮೂರನೇ ಮಡಿಗೆ ಚವಳಿ ಬೀಜ ನಾ ಕಳಸ್ತೀನಿ, ನಮ್ಮ ಅವ್ವ ಎತ್ತಿಟ್ಟ ಬೀಜದ ಪೀಳಿಗಿ ಅದು.